ಅಗಸಿಯಲ್ಲಿ ನಿಂತ ಅತಿಥಿ

ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಬಳಿಕ ಕುಡಿಯಲು ನೀರು, ಅನಂತರ ಆಸನ, ಆಮೇಲೆ ಕುಶಲಪ್ರಶ್ನೆ. ಇದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ. ಅತಿಥಿಯನ್ನು ದೇವರೆಂದೇ ಭಾವಿಸಿ ಸತ್ಕರಿಸಬೇಕೆಂಬ ಶ್ರುತಿಯ ಉಪದೇಶವನ್ನು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ವೈಶ್ವದೇವವಾದ ಮೇಲೆ ಬಾಗಿಲಿಗೆ ಬಂದು, ಹಸಿದವರು ಯಾರಾದರೂ ಇರುವರೇ ಎಂದು ನೋಡಿ, ಆ ಬಳಿಕ ಎಲೆಯ ಮುಂದೆ ಕೂಡುವುದು ಗೃಹಸ್ಥನ ಧರ್ಮವೆಂದು ಕಲಿತವರು ನಾವು. ಹೀಗಿರುವಾಗ, ದೂರದಿಂದ ಬಂದವನನ್ನು ಊರ ಅಗಸಿಯಲ್ಲಿಯೇ ತಡೆದು, ಹದಿನಾಲ್ಕು ದಿನ ಬೇರೆಯಾಗಿ ಇರೆಂದು ಹೇಳುವುದು ಧರ್ಮವೋ ಅಧರ್ಮವೋ?

ಈ ಪ್ರಶ್ನೆಯು 2020ನೆಯ ಇಸವಿಯಲ್ಲಿ ನಮ್ಮೆಲ್ಲರ ಬಾಗಿಲಿಗೂ ಬಂದು ನಿಂತಿತ್ತು. ಆ ದಿನಗಳಲ್ಲಿ ಅದಕ್ಕೆ ಭಯವೇ ಉತ್ತರ ಹೇಳಿತು, ವಿಚಾರಕ್ಕೆ ಬಿಡುವಿರಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಈಗ ಕೈಗೆ ಮುದ್ರೆ ಒತ್ತುವವರಿಲ್ಲ, ದಾರಿಗೆ ಅಡ್ಡ ನಿಲ್ಲುವವರಿಲ್ಲ. ಆದುದರಿಂದಲೇ ಸಮಾಧಾನಚಿತ್ತದಿಂದ ವಿಚಾರ ಮಾಡಲು ಇದು ತಕ್ಕ ಕಾಲ. ಅಂಥ ರೋಗ ಮತ್ತೊಮ್ಮೆ ಬಾರದೆಂದು ಹೇಳಬಲ್ಲವರಿಲ್ಲ. ಬಂದಾಗ ವಿಚಾರಿಸೋಣವೆಂದರೆ ಮತ್ತೆ ಭಯವೇ ಉತ್ತರ ಹೇಳುವುದು.

ಪ್ರಕೃತ ವಿಷಯಕ್ಕೆ ಬರುವ ಮುನ್ನ ಆ ವರ್ಷದ ಸಂಗತಿಗಳನ್ನು ಒಮ್ಮೆ ಸ್ಮರಿಸುವುದು ಉಚಿತ. 2020ರ ಜನವರಿ 30ರಂದು, ಚೀನ ದೇಶದ ವುಹಾನ್ ನಗರದಿಂದ ಕೇರಳಕ್ಕೆ ಮರಳಿದ ವಿದ್ಯಾರ್ಥಿಯೊಬ್ಬರಲ್ಲಿ ಈ ಹೊಸ ಶ್ವಾಸರೋಗದ ವೈರಾಣು ಇರುವುದು ದೃಢಪಟ್ಟಿತು; ಭಾರತದಲ್ಲಿ ಅದೇ ಮೊದಲನೆಯದು. ಮಾರ್ಚ್ 10ರಂದು, ಸೌದಿ ಅರೇಬಿಯಾದಿಂದ ಹಿಂದಿರುಗಿದ್ದ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಈ ರೋಗದಿಂದ ನಮ್ಮ ದೇಶದಲ್ಲಿ ಸಂಭವಿಸಿದ ಮೊದಲನೆಯ ಮರಣ ಅದೆಂದು ಎರಡು ದಿನಗಳ ಬಳಿಕ ತಿಳಿಯಿತು. ಅದೇ ವಾರದಲ್ಲಿ ಫಾಲ್ಗುಣ ಬಹುಳ ಚತುರ್ಥಿ, ಅಂದರೆ ಶ್ರೀವ್ಯಾಸರಾಜರ ಆರಾಧನೆಯ ತಿಥಿ, ಬಂದಿತ್ತು. ಆನೆಗೊಂದಿಯಲ್ಲಿ ದೋಣಿಯೊಳಗೆ ಹೆಗಲಿಗೆ ಹೆಗಲು ತಾಗಿಸಿ ಕುಳಿತು ನವವೃಂದಾವನಗಡ್ಡೆಗೆ ಹೊಳೆ ದಾಟುವ ನಮಗೆ, ಉಸಿರಿನಿಂದ ಉಸಿರಿಗೆ ಹಬ್ಬುವ ರೋಗದ ರೀತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ 21 ದಿನಗಳ ಮಟ್ಟಿಗೆ ಬಾಗಿಲು ಹಾಕಿಕೊಂಡಿತು.

ನಮ್ಮ ಸೀಮೆಯ ಪರಿಸ್ಥಿತಿ ತುಸು ಬೇರೆಯಾಗಿತ್ತು. ಏಪ್ರಿಲ್ 30ರಂದು ಕೇಂದ್ರ ಸರಕಾರವು ಪ್ರಕಟಿಸಿದ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯು ಹಸಿರು ವಲಯದಲ್ಲಿತ್ತು. ರೋಗವು ಇಲ್ಲಿ ಹುಟ್ಟುವಂಥದಲ್ಲ. ಬರುವುದಾದರೆ ದಾರಿ ಹಿಡಿದೇ ಬರಬೇಕು. ಸೊಲ್ಲಾಪುರ, ವಿಜಯಪುರಗಳಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯು ಕುಷ್ಟಗಿಯನ್ನು ಹಾದು ಹೋಗುತ್ತದೆ. ಹುಬ್ಬಳ್ಳಿ, ಗದಗಗಳಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆಯೇ ಕೊಪ್ಪಳವಿದೆ. ಇದಲ್ಲದೆ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳನ್ನು ನಂಬಿದ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾ, ಮಹಾರಾಷ್ಟ್ರಗಳಿಗೆ ಗುಳೆ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಮೇ ತಿಂಗಳಿನಲ್ಲಿ ಅವರು ಬಸ್ಸುಗಳಲ್ಲಿ, ರೈಲುಗಳಲ್ಲಿ, ಸರಕಿನ ಲಾರಿಗಳಲ್ಲಿ ತಮ್ಮ ಊರುಗಳಿಗೆ ಹಿಂದಿರುಗಿದರು. ಅನತಿಕಾಲದಲ್ಲಿಯೇ ರೋಗವೂ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಮಹಾರಾಷ್ಟ್ರ, ಗುಜರಾತ, ತಮಿಳುನಾಡು ಮೊದಲಾದ ರಾಜ್ಯಗಳಿಂದ ಬಂದವರು ಏಳು ದಿನ ಸರಕಾರ ಗೊತ್ತುಪಡಿಸಿದ ಸ್ಥಳದಲ್ಲಿ, ಬಳಿಕ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಗಿರಬೇಕೆಂದು ರಾಜ್ಯ ಸರಕಾರವು ಆ ತಿಂಗಳ ಕೊನೆಯ ಭಾಗದಲ್ಲಿ ನಿಯಮ ಮಾಡಿತು. ಶಾಲೆಗಳು, ವಿದ್ಯಾರ್ಥಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ಎಷ್ಟೋ ಹಳ್ಳಿಗಳಲ್ಲಿ ಜನರು ತಾವಾಗಿಯೇ ಊರ ದಾರಿಗೆ ಮುಳ್ಳುಕಂಟಿ ಹಚ್ಚಿದರು. ಆ ಮುಳ್ಳುಕಂಟಿಯ ಆಚೆ ನಿಂತವರು ಪರಕೀಯರಲ್ಲ. ಅದೇ ಊರಲ್ಲಿ ಹುಟ್ಟಿದವರು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಹೀಗೆ: ರೋಗಿಯನ್ನು ಬೇರೆಯಿಡುವುದು ಸರಿ, ಕೆಮ್ಮಿಲ್ಲದ, ಜ್ವರವಿಲ್ಲದ, ಆರೋಗ್ಯವಂತನಾಗಿ ಕಾಣುವ ಪಯಣಿಗನನ್ನು ಕೂಡಿಹಾಕುವುದು ನಿರಪರಾಧಿಗೆ ಶಿಕ್ಷೆ ಕೊಟ್ಟಂತೆ ಆಗುವುದಿಲ್ಲವೆ?

ಇದಕ್ಕೆ ಸಮಾಧಾನವು ರೋಗದ ಸ್ವಭಾವದಲ್ಲಿಯೇ ಇದೆ. ಈ ವೈರಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನಗಳು ಬೇಕಾಗುತ್ತಿದ್ದವು. ಹೆಚ್ಚಿನವರಲ್ಲಿ ಸುಮಾರು ಐದು ದಿನ. ಲಕ್ಷಣ ತೋರುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡಬಲ್ಲದು. ಕೆಲವರಲ್ಲಿ ಲಕ್ಷಣವೇ ತೋರದು. 2003ರಲ್ಲಿ ಬಂದುಹೋದ ಸಾರ್ಸ್ ರೋಗವು ಬಹುಮಟ್ಟಿಗೆ ಲಕ್ಷಣಗಳು ಬಲವಾದ ಮೇಲೆಯೇ ಹರಡುತ್ತಿತ್ತು. ಆದುದರಿಂದ ರೋಗಿಗಳನ್ನು ಗುರುತಿಸಿ ಬೇರ್ಪಡಿಸಿ, ಅವರ ಸಂಪರ್ಕಕ್ಕೆ ಬಂದವರ ಮೇಲೆ ಕಣ್ಣಿಟ್ಟು, ಆ ವರ್ಷದ ಜುಲೈ ವೇಳೆಗೆ ಅದನ್ನು ಅಡಗಿಸಲು ಸಾಧ್ಯವಾಯಿತು. 2020ರ ರೋಗವು ಅಷ್ಟು ಸುಲಭವಾಗಿ ಮುಖ ತೋರಿಸಲಿಲ್ಲ. ಪಯಣಿಗನು ತನ್ನಲ್ಲಿ ಏನಿದೆಯೆಂಬುದನ್ನು ತಾನೇ ಅರಿಯಲಾರ, ಎದುರಿಗಿರುವವರೂ ಅರಿಯಲಾರರು. ಅರಿವು ಬರಲು ಕಾಲವೊಂದೇ ಸಾಧನ. ಆ ಹದಿನಾಲ್ಕು ದಿನಗಳು ಅಜ್ಞಾನವು ಜ್ಞಾನವಾಗಲು ಬೇಕಾದ ಅವಧಿ. ಅಪರಾಧವಿದ್ದಲ್ಲಿ ಶಿಕ್ಷೆ, ಇಲ್ಲಿ ಅಪರಾಧವೇ ಇಲ್ಲದುದರಿಂದ ಶಿಕ್ಷೆಯೆಂಬ ಮಾತಿಗೆ ಎಡೆಯಿಲ್ಲ. ಈ ಸಮಾಧಾನದಿಂದಲೇ ಒಂದು ಕಟ್ಟುಪಾಡೂ ಹುಟ್ಟುತ್ತದೆ: ಶಿಕ್ಷೆಯಲ್ಲವೆಂದು ಬಾಯಲ್ಲಿ ಹೇಳಿ, ನಡೆಯಲ್ಲಿ ಶಿಕ್ಷೆಗೆ ಸಮನಾಗಿ ಮಾಡಿದರೆ ನಮ್ಮ ಸಮಾಧಾನವು ಬಿದ್ದುಹೋಗುತ್ತದೆ.

ಎರಡನೆಯ ಪೂರ್ವಪಕ್ಷವು ದೈವವನ್ನು ಆಶ್ರಯಿಸಿದ್ದು. ಎಲ್ಲವೂ ಶ್ರೀಹರಿಯ ಅಧೀನವಾಗಿರುವಾಗ, ಆಯುಸ್ಸು ತೀರಿದವನು ಬಾಗಿಲು ಮುಚ್ಚಿಕೊಂಡರೂ ಹೋಗುವನು, ತೀರದವನು ಸಂತೆಯಲ್ಲಿ ನಿಂತರೂ ಉಳಿಯುವನು. ಈ ಕಟ್ಟುಪಾಡುಗಳು ಏಕೆ? ಇದಕ್ಕೆ ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು ಹೊಳೆ ತುಂಬಿದಾಗ ನವವೃಂದಾವನಕ್ಕೆ ದೋಣಿ ಬಿಡುವುದಿಲ್ಲ. ಅದನ್ನು ಶ್ರದ್ಧೆಯ ಕೊರತೆಯೆಂದು ಯಾರೂ ಆಡಿಕೊಳ್ಳುವುದಿಲ್ಲ. ದಡದಲ್ಲಿಯೇ ನಿಂತು ಕೈಮುಗಿಯುತ್ತಾರೆ. ಜೀವನ ಕರ್ತೃತ್ವವು ಪರಾಧೀನವಾದುದೆಂದು ಶ್ರೀಮದಾಚಾರ್ಯರು ತೋರಿಸಿಕೊಟ್ಟರೇ ಹೊರತು, ಕರ್ತೃತ್ವವೇ ಇಲ್ಲವೆಂದು ಹೇಳಲಿಲ್ಲ. ಇದಲ್ಲದೆ, ತನ್ನ ಪ್ರಾಣದ ವಿಷಯದಲ್ಲಿ ದೈವವನ್ನು ನಂಬಿ ಎದೆಗೊಟ್ಟು ನಿಲ್ಲುವುದು ಒಂದು. ಪಕ್ಕದ ಮನೆಯ ಮುದುಕಿಯ ಪ್ರಾಣವನ್ನು ಪಣಕ್ಕಿಟ್ಟು, ದೈವವಿದೆಯೆಂದು ಹೇಳುವುದು ಇನ್ನೊಂದು. ಮೊದಲನೆಯದನ್ನು ಧೈರ್ಯವೆಂದರೂ ಎನ್ನಬಹುದು. ಎರಡನೆಯದಕ್ಕೆ ಆ ಹೆಸರು ಸಲ್ಲದು.

ಮೂರನೆಯದು ನಮ್ಮವರಲ್ಲಿಯೇ ಬಹುವಾಗಿ ಕೇಳಿಬಂದ ಮಾತು. ಇದು ಪೂರ್ವಪಕ್ಷವಲ್ಲ, ಅತಿಯಾದ ಸಮರ್ಥನೆ. ನಮ್ಮ ಮಡಿ-ಮೈಲಿಗೆಗಳ ಗುಟ್ಟು ಜಗತ್ತಿಗೆ ಈಗ ತಿಳಿಯಿತು, ದೂರ ನಿಲ್ಲುವುದನ್ನು ನಾವು ಮೊದಲೇ ಬಲ್ಲೆವು, ಎಂದು ಅನೇಕರು ಹೆಮ್ಮೆಪಟ್ಟರು. ಈ ಮಾತನ್ನು ನಾವು ಒಪ್ಪಲಾರೆವು. ಮಡಿಯು ದೇವರ ಸನ್ನಿಧಿಗೆ ಹೋಗುವವನು ತನಗೆ ತಾನೇ ಹಾಕಿಕೊಳ್ಳುವ ನಿಯಮ. ಪ್ರತ್ಯೇಕವಾಸವು ನೆರೆಯವನ ಪ್ರಾಣರಕ್ಷಣೆಗಾಗಿ ಇರುವ ನಿಯಮ. ಉದ್ದೇಶ ಬೇರೆ, ಫಲ ಬೇರೆ. ಮಡಿಯುಟ್ಟವನಿಗೂ ಈ ರೋಗ ಬಂದಿತು, ಮಡಿಯರಿಯದವನಿಗೂ ಬಂದಿತು; ವೈರಾಣುವು ಗೋತ್ರವನ್ನು ಕೇಳಲಿಲ್ಲ. ಇನ್ನೂ ಒಂದು ಸಂಗತಿಯನ್ನು ಮುಚ್ಚಿಡಬಾರದು. ನಮ್ಮ ನಾಡಿನಲ್ಲಿ ಕೆಲವರನ್ನು ಹುಟ್ಟಿನ ಕಾರಣದಿಂದಲೇ ಊರ ಹೊರಗೆ ಇರಿಸಿದ ಕಾಲವಿತ್ತು. ಅವರಿಗೆ ಹದಿನೈದನೆಯ ದಿನವೆಂಬುದು ಬರಲೇ ಇಲ್ಲ. ಪ್ರತ್ಯೇಕವಾಸದ ಧರ್ಮವೆಲ್ಲ ಅದರ ಅವಧಿಯಲ್ಲಿದೆ. ಇಂಥ ದಿನ ಮುಗಿಯುತ್ತದೆ, ಮುಗಿದ ಮೇಲೆ ನೀನು ಎಲ್ಲರಂತೆ ಪಂಕ್ತಿಯಲ್ಲಿ ಕೂಡುವೆ, ಎಂಬ ಭರವಸೆಯಿಲ್ಲದ ದೂರವಿಡುವಿಕೆಗೆ ಆರೋಗ್ಯದ ಹೆಸರು ಕೊಡಲಾಗದು.

ನಮ್ಮ ಆಚಾರದಲ್ಲಿ ಇದಕ್ಕೆ ಹೋಲಿಕೆಯನ್ನು ಹುಡುಕಲೇಬೇಕೆಂದರೆ, ದೋಷಾರೋಪಣೆಯಿಲ್ಲದೆ ದೂರವಿರುವ ಪದ್ಧತಿಗಳು ನಮ್ಮಲ್ಲಿ ಉಂಟು. ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ ವೃದ್ಧಿಯ ಅಶೌಚ. ಆ ಮನೆಯವರು ದೇವರಪೂಜೆಯಿಂದ ದೂರವಿರುವರು. ಆದರೆ ಆ ಮನೆಯನ್ನು ಯಾರಾದರೂ ಹೀನವಾಗಿ ಕಾಣುವರೆ? ಸಂತೋಷವಾಯಿತೆಂದೇ ಹೇಳುವರು, ಹನ್ನೊಂದನೆಯ ದಿನಕ್ಕಾಗಿ ಕಾಯುವರು. ಮರಣದ ಸೂತಕವಿರುವ ಮನೆಗೆ ನೆರೆಯವರು ಅನ್ನ ಕಳುಹಿಸುವ ವಾಡಿಕೆ ಎಷ್ಟೋ ಊರುಗಳಲ್ಲಿ ಇದೆ. ಸೂತಕಕ್ಕೆ ಶಾಸ್ತ್ರವು ಪ್ರಮಾಣ, ಕ್ವಾರಂಟೈನಿಗೆ ವೈದ್ಯಶಾಸ್ತ್ರದ ಪರೀಕ್ಷೆಯು ಪ್ರಮಾಣ. ಇವೆರಡನ್ನು ಒಂದೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ದೂರವಿದ್ದವನು ದೋಷಿಯಲ್ಲ, ದೂರವಿರುವಾಗಲೂ ಅವನು ನಮ್ಮವನೇ ಎಂಬ ಮನೋಧರ್ಮವು ನಮಗೆ ಹೊಸದಲ್ಲವೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಇದಕ್ಕಿಂತಲೂ ಹತ್ತಿರವಾದ ನಿದರ್ಶನವು ಚಾತುರ್ಮಾಸ್ಯದ್ದು. ವರ್ಷವಿಡೀ ಸಂಚಾರದಲ್ಲಿರುವ ಯತಿಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ. ಆ ಕಾಲದಲ್ಲಿ ನೆಲದ ಮೇಲೆ ಹುಟ್ಟಿ ಹರಿದಾಡುವ ಸಣ್ಣ ಜೀವಿಗಳಿಗೆ ತಮ್ಮ ಸಂಚಾರದಿಂದ ಹಿಂಸೆಯಾಗಬಾರದೆಂಬುದು ಅದರ ಕಾರಣಗಳಲ್ಲಿ ಒಂದು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕಣ್ಣಿಗೆ ಬೀಳದ ಜೀವಗಳಿಗೆ ತಾನು ನಡೆಯುವುದರಿಂದ ಅಪಾಯವುಂಟೆಂದು ತಿಳಿದವನು ನಿಲ್ಲುತ್ತಾನೆ. ಹಾಗೆ ನಿಲ್ಲುವುದು ಅವಮಾನವಲ್ಲ, ವ್ರತ. ಎರಡನೆಯದಾಗಿ, ಯತಿಗಳು ನಿಂತ ಊರು ಅದನ್ನು ತನ್ನ ಭಾಗ್ಯವೆಂದು ತಿಳಿದು ಭಿಕ್ಷೆಯ ಏರ್ಪಾಡು ಮಾಡುತ್ತದೆ. ನಿಲ್ಲುವವನು ಒಬ್ಬ, ಅವನನ್ನು ನಿಲ್ಲಿಸಿಕೊಂಡು ಪೋಷಿಸುವವರು ಹಲವರು. ಪಯಣಿಗನು ಯತಿಯಲ್ಲ, ಅವನ ಕ್ವಾರಂಟೈನು ಚಾತುರ್ಮಾಸ್ಯವಲ್ಲ. ಆದರೂ ಪರರ ಪ್ರಾಣಕ್ಕಾಗಿ ನಿಂತವನ ಹೊಣೆ ನಿಲ್ಲಿಸಿಕೊಂಡ ಊರಿನದು ಎಂಬ ನ್ಯಾಯವು ಎರಡೂ ಕಡೆ ಒಂದೇ. ನಾವು ಹೇಳಬೇಕೆಂದಿರುವ ಮಾತು ಇದೇ: ದೂರವಿಡುವ ಅಧಿಕಾರಕ್ಕೆ ಪೋಷಿಸುವ ಋಣವು ಅಂಟಿಕೊಂಡೇ ಇದೆ, ಋಣವನ್ನು ತೀರಿಸದವನಿಗೆ ಆ ಅಧಿಕಾರವೂ ಇಲ್ಲ.

ಈ ಋಣವನ್ನು ಮರೆತಾಗ ಏನಾಗುವುದೆಂಬುದಕ್ಕೆ ಇತಿಹಾಸವು ಸಾಕ್ಷಿ. ಪ್ರತ್ಯೇಕವಾಸದ ಪದ್ಧತಿಯು ಹಳೆಯದು. ಏಡ್ರಿಯಾಟಿಕ್ ಸಮುದ್ರತೀರದ ರಗೂಸಾ ಪಟ್ಟಣವು 1377ರಲ್ಲಿಯೇ, ಪ್ಲೇಗು ಇರುವ ಪ್ರದೇಶಗಳಿಂದ ಬಂದವರು ಒಂದು ತಿಂಗಳು ಹೊರಗಿರಬೇಕೆಂದು ವಿಧಿಸಿತು. ಮುಂದೆ ಅದು ನಲವತ್ತು ದಿನಗಳಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತು ಎಂಬ ಅರ್ಥದ ಪದದಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂದಿತು. ನಮ್ಮ ದೇಶದಲ್ಲಿ 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಪುಣೆಯಲ್ಲಿ ಸೈನಿಕರು ಮನೆಮನೆಗಳನ್ನು ಹೊಕ್ಕು ಶೋಧಿಸಿದರು. ದೇವರ ಮನೆ, ಹೆಂಗಸರ ಮಾನ ಯಾವುದನ್ನೂ ಲೆಕ್ಕಿಸಲಿಲ್ಲವೆಂದು ಜನರು ಕುದಿದರು. 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಸಾಹೇಬರ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸುವವರೆಗೆ ಆ ಕುದಿತ ಹೋಯಿತು. ರೋಗವನ್ನು ತಡೆಯಬೇಕೆಂಬ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಯಾರ ರಕ್ಷಣೆಗೆ ಅದು ಹೊರಟಿತೋ ಅವರ ಮಾನವನ್ನೇ ಅದು ಮರೆತಿತ್ತು.

ಅದೇ ಪ್ಲೇಗಿನಿಂದ ಇನ್ನೊಂದು ಪಾಠವೂ ಉಂಟು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ದಾರಿಯಾಗಿ ಆ ರೋಗವು ಬೆಂಗಳೂರನ್ನು ಮುಟ್ಟಿತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸಲಾಗುತ್ತಿತ್ತು. ಆದರೆ ಪ್ಲೇಗು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ ಹರಡುವುದೆಂಬ ಸಂಗತಿಯು ಆಗತಾನೆ ಬೆಳಕಿಗೆ ಬರುತ್ತಿತ್ತು. ಮನುಷ್ಯನನ್ನು ತಡೆದರು, ಕಾಳಿನ ಚೀಲದೊಳಗಿನ ಇಲಿಯು ಮುಂದಿನ ಊರಿಗೆ ಹೋಯಿತು. ಆದುದರಿಂದ ಕಟ್ಟುಪಾಡು ರೋಗದ ಸ್ವಭಾವವನ್ನು ಅನುಸರಿಸಬೇಕು. ಹಳೆಯ ರೂಢಿಯನ್ನಾಗಲಿ ಜನರ ಸಿಟ್ಟನ್ನಾಗಲಿ ಅನುಸರಿಸಬಾರದು. ಉಸಿರಿನ ರೋಗದಲ್ಲಿ ಪಯಣಿಗನನ್ನು ನಿಲ್ಲಿಸುವುದು ಯುಕ್ತವೇ. ಆದರೆ ಅವನನ್ನು ಎಲ್ಲಿ, ಹೇಗೆ ನಿಲ್ಲಿಸುವೆವೆಂಬುದೂ ಅಷ್ಟೇ ಮುಖ್ಯ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗನ್ನು ತಡೆದು, ಅದರಲ್ಲಿದ್ದ 3,711 ಜನರನ್ನು ಒಳಗೇ ಇರಿಸಿದರು. ಪ್ರಯಾಣಿಕರು ಕೋಣೆಗಳಲ್ಲಿ ಕುಳಿತರು; ಸೇವಕರು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಎಲ್ಲರಿಗೂ ಊಟ ಹಂಚುತ್ತಲೇ ಇದ್ದರು. ಕೊನೆಗೆ ಏಳುನೂರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತ್ತು. ಒಂದೇ ಕೊಠಡಿಯಲ್ಲಿ ಇಪ್ಪತ್ತು ಜನರನ್ನು ಮಲಗಿಸಿ, ಒಂದೇ ನಲ್ಲಿ, ಒಂದೇ ಶೌಚಾಲಯ ಕೊಟ್ಟರೆ ಅದು ಪ್ರತ್ಯೇಕವಾಸವಲ್ಲ. ಒಬ್ಬನ ರೋಗವನ್ನು ಇಪ್ಪತ್ತು ಜನರಿಗೆ ಹಂಚುವ ಏರ್ಪಾಡು.

ಇನ್ನು ಋಣವನ್ನು ತೀರಿಸುವ ಬಗೆ. ಮೊದಲನೆಯದು ಅನ್ನ. ಸಂಬಳದ ನೌಕರನಿಗೆ ಹದಿನಾಲ್ಕು ದಿನಗಳು ಬೇಸರದ ದಿನಗಳು. ಕೂಲಿಯವನಿಗೆ ಅವು ಉಪವಾಸದ ದಿನಗಳು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗಖಾತ್ರಿ ಯೋಜನೆಯ ದಿನಗೂಲಿ 275 ರೂಪಾಯಿ. ಹದಿನಾಲ್ಕು ದಿನಗಳಿಗೆ 3,850 ರೂಪಾಯಿಗಳಾದವು. ಊರಿನ ಆರೋಗ್ಯಕ್ಕಾಗಿ ಒಬ್ಬ ಗುಳೆಯ ಕೂಲಿಕಾರನು ತೆತ್ತ ಬೆಲೆ ಇದು. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಇದರ ಎರಡರಷ್ಟು. ಆ ಊರಿನಲ್ಲಿ ಸುಖವಾಗಿ ಬಾಗಿಲು ಹಾಕಿಕೊಂಡು ಕುಳಿತ ನಾವು ಅದರಲ್ಲಿ ಎಷ್ಟು ಪಾಲನ್ನು ಕೊಟ್ಟೆವೆಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮಲ್ಲಿ ಲೆಕ್ಕ ಹಾಕಿಕೊಳ್ಳಬೇಕು. ಇದು ದಾನವಲ್ಲ, ಸಾಲ ತೀರಿಸುವುದು. ದಾನವೆಂದು ತಿಳಿದು ಕೊಟ್ಟರೆ ಪಡೆದವನು ತಲೆತಗ್ಗಿಸಬೇಕಾಗುತ್ತದೆ. 2007ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ 32ನೆಯ ವಿಧಿಯು, ತಡೆದಿಟ್ಟ ಪ್ರಯಾಣಿಕರಿಗೆ ಅನ್ನ, ನೀರು, ತಕ್ಕ ವಸತಿ, ಚಿಕಿತ್ಸೆ, ತಮ್ಮವರೊಡನೆ ಮಾತನಾಡುವ ಸಾಧನಗಳನ್ನು ಒದಗಿಸಿ ಅವರ ಘನತೆಯನ್ನು ಕಾಪಾಡಬೇಕೆಂದು ದೇಶಗಳಿಗೆ ವಿಧಿಸುತ್ತದೆ. ಕಾಲಿಗೆ ನೀರು, ಕುಡಿಯಲು ನೀರು, ಆಸನ, ಕುಶಲಪ್ರಶ್ನೆ ಎಂಬ ನಮ್ಮ ಕ್ರಮಕ್ಕೂ ಅದಕ್ಕೂ ಏನು ಅಂತರ? ಅತಿಥಿಸತ್ಕಾರವು ಅಲ್ಲಿ ನಿಂತುಹೋಗುವುದಿಲ್ಲ. ಬಾಗಿಲಿನಿಂದ ಆರು ಅಡಿ ಆಚೆಗೆ ಸರಿಯುತ್ತದೆ, ಅಷ್ಟೆ.

ಎರಡನೆಯದು ಮಾನ. 2020ರ ಮಾರ್ಚಿನಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆಯನ್ನು ಒತ್ತಲಾಯಿತು. ಮುದ್ರೆಯೆಂದರೆ ನಮಗೆ ಗೌರವದ ಗುರುತು. ಪ್ರಥಮೈಕಾದಶಿಯಂದು ತಪ್ತಮುದ್ರೆಗಾಗಿ ಸಾಲುಗಟ್ಟಿ ನಿಲ್ಲುವವರು ನಾವು. ಈ ಶಾಯಿಯ ಮುದ್ರೆಯೂ, ಈತನು ಪರರಿಗಾಗಿ ನಿಯಮದಲ್ಲಿದ್ದಾನೆಂಬ ಗುರುತಾಗಬಹುದಿತ್ತು. ಹಾಗಾಗಲಿಲ್ಲ, ಅದು ಅಂಜಿಕೆಯ ಮತ್ತು ಹೇಸಿಕೆಯ ಗುರುತಾಯಿತು. ಅದೇ ತಿಂಗಳ ಕೊನೆಯಲ್ಲಿ ವಿದೇಶದಿಂದ ಬಂದು ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯದಲ್ಲಿ ಬಹಿರಂಗವಾಗಿ ಪ್ರಕಟಿಸಲಾಯಿತು. ಎಚ್ಚರಿಕೆಗಾಗಿ ಮಾಡಿದುದೆಂದು ಹೇಳಬಹುದು. ಆದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಯಬೇಕಾದುದು ಬೀದಿಗೆಲ್ಲ ತಿಳಿದರೆ, ಮನೆಯ ಮಾಲಿಕನು ಬಾಡಿಗೆದಾರನನ್ನು ಹೊರಡಿಸುತ್ತಾನೆ, ಅಂಗಡಿಯವನು ಸಾಮಾನು ಕೊಡಲು ಹಿಂಜರಿಯುತ್ತಾನೆ. ಹೀಗೆ ಅವಮಾನಿತನಾದವನನ್ನು ಕಂಡ ಮುಂದಿನ ಪಯಣಿಗನು ಏನು ಮಾಡುವನು? ಎಲ್ಲಿಂದ ಬಂದೆನೆಂಬುದನ್ನು ಮುಚ್ಚಿಡುವನು, ಕತ್ತಲಲ್ಲಿ ಹೊಲದ ಹಾದಿಯಿಂದ ಊರು ಸೇರುವನು.

ಇಲ್ಲಿ ಪಯಣಿಗನ ಧರ್ಮವನ್ನೂ ಹೇಳಲೇಬೇಕು. ಋಣವು ಒಂದು ಪಕ್ಷಕ್ಕೆ ಮಾತ್ರ ಸೇರಿದುದಲ್ಲ. ಎಲ್ಲಿಂದ ಬಂದೆ, ಯಾರನ್ನು ಕಂಡೆ ಎಂಬುದನ್ನು ಮರೆಮಾಚುವುದು ಅಸತ್ಯ ಮಾತ್ರವಲ್ಲ, ಹಿಂಸೆಯೂ ಹೌದು. ಜ್ವರವನ್ನು ಅಡಗಿಸಲು ಗುಳಿಗೆ ನುಂಗಿ ತಪಾಸಣೆಯನ್ನು ದಾಟುವವನು ತನ್ನ ತಾಯಿಗೇ ಅಪಾಯವನ್ನು ಹೊತ್ತು ತರುತ್ತಾನೆ. ಸತ್ಯವನ್ನು ಹೇಳುವುದು ಅವನ ಕರ್ತವ್ಯ. ಸತ್ಯ ಹೇಳಿದವನಿಗೆ ಕೇಡಾಗದಂತೆ ನೋಡಿಕೊಳ್ಳುವುದು ಊರಿನ ಕರ್ತವ್ಯ. ಎರಡನೆಯದು ತಪ್ಪಿದಲ್ಲಿ ಮೊದಲನೆಯದನ್ನು ನಿರೀಕ್ಷಿಸುವುದು ಕಷ್ಟ.

ಮೂರನೆಯದು ವಿವೇಚನೆ. ತಡೆಯುವುದಕ್ಕೂ ಹೊರದೂಡುವುದಕ್ಕೂ ಭೇದವುಂಟು. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರುವ ತಲಪಾಡಿಯ ದಾರಿ ಮುಚ್ಚಿತು. ಗಡಿಯ ಕೆಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಕಾಸರಗೋಡಿನ ಜನರು, ಅವರಲ್ಲಿ ಕನ್ನಡಿಗರು ಎಷ್ಟೋ ಮಂದಿ, ಬಹುಕಾಲದಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು. ಚಿಕಿತ್ಸೆಗೆ ಹೋಗಲಾರದೆ ರೋಗಿಗಳು ಪ್ರಾಣ ಬಿಟ್ಟರೆಂದು ಕೇರಳವು ದೂರಿತು. ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲ್ ಮೊದಲ ವಾರದ ಬಳಿಕ ರೋಗಿಗಳಿಗೆ ದಾರಿಯಾಯಿತು. ಬಂದವನನ್ನು ಒಳಗೆ ಕರೆದು ಒಂದು ಕೋಣೆಯಲ್ಲಿರಿಸಿ ನೋಡಿಕೊಳ್ಳುವುದು ಪ್ರತ್ಯೇಕವಾಸ. ಬಂದವನ ಮುಂದೆ ಮಣ್ಣು ಸುರಿಯುವುದಕ್ಕೆ ಆ ಹೆಸರು ಹೊಂದದು.

ತಂದೆ ತೀರಿಕೊಂಡ ಸುದ್ದಿ ಕೇಳಿ ಮುಂಬಯಿಯಿಂದ ಮಗನು ಬಂದರೆ? ಇದು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಕರ್ತೃವು ಸಮಯಕ್ಕೆ ಬರಲಾಗದಾಗ ಜ್ಞಾತಿಗಳು ಸಂಸ್ಕಾರವನ್ನು ನಡೆಸುವ, ತಡವಾಗಿ ಸುದ್ದಿ ಕೇಳಿದವನಿಗೆ ಬೇರೆ ಕ್ರಮವನ್ನು ಹೇಳುವ ಅನುಕೂಲಗಳನ್ನು ನಮ್ಮ ಧರ್ಮಶಾಸ್ತ್ರಗಳು ಮೊದಲೇ ಮಾಡಿವೆ. ದೂರದೇಶದ ದಾರಿಯೂ ತುಂಬಿದ ಹೊಳೆಯೂ ಮನುಷ್ಯನನ್ನು ತಡೆಯುವುವೆಂಬುದನ್ನು ಅವು ಬಲ್ಲವು. ಆದರೂ ಶಾಸ್ತ್ರದ ಅನುಕೂಲವು ಮಗನ ದುಃಖಕ್ಕೆ ಸಮನಲ್ಲ. ಮುಖ ಮುಚ್ಚಿಸಿ, ದೂರ ನಿಲ್ಲಿಸಿ, ಒಂದು ಸಲ ತಂದೆಯ ಮುಖವನ್ನು ತೋರಿಸುವುದು ಸಾಧ್ಯವಿದ್ದಲ್ಲಿ, ನಿಯಮದ ಹೆಸರಿನಲ್ಲಿ ಅದನ್ನೂ ನಿರಾಕರಿಸುವುದು ನಿಯಮವನ್ನು ಕಾಯ್ದಂತಲ್ಲ. ನಿಯಮದ ಹಿಂದೆ ಅಡಗಿದಂತೆ.

ಕೊನೆಯದು, ನಿಲ್ಲಿಸುವುದನ್ನು ನಿಲ್ಲಿಸುವ ಕಾಲವನ್ನು ಅರಿಯುವುದು. ಊರಿನಲ್ಲಿ ರೋಗವಿಲ್ಲದಾಗ ಹೊರಗಿನಿಂದ ಬಂದವನನ್ನು ತಡೆಯುವುದರಲ್ಲಿ ಅರ್ಥವಿದೆ. ರೋಗವು ಊರೊಳಗೇ ಮನೆಯಿಂದ ಮನೆಗೆ ಹಬ್ಬಿದ ಮೇಲೆ ಪಯಣಿಗನಿಗಿಂತ ನೆರೆಯವನು ಕಡಿಮೆ ಅಪಾಯದವನೆಂದು ಹೇಳಲು ಆಧಾರವಿಲ್ಲ. 2021ರ ಡಿಸೆಂಬರ್ 2ರಂದು ಓಮಿಕ್ರಾನ್ ಎಂಬ ಹೊಸ ರೂಪವು ಭಾರತದಲ್ಲಿ ಮೊದಲು ಪತ್ತೆಯಾದುದು ಕರ್ನಾಟಕದಲ್ಲಿಯೇ, ಇಬ್ಬರಲ್ಲಿ. ಅವರಲ್ಲಿ ಒಬ್ಬರು ದಕ್ಷಿಣ ಆಫ್ರಿಕದಿಂದ ಬಂದವರು. ಇನ್ನೊಬ್ಬರು ವಿದೇಶಕ್ಕೆ ಹೋಗಿಯೇ ಇರದ ಬೆಂಗಳೂರಿನ ವೈದ್ಯರು. ನಾವು ಅಗಸಿಯತ್ತ ಕಣ್ಣಿಟ್ಟಿರುವಾಗಲೇ ಅದು ಒಳಗೆ ಬಂದು ಕುಳಿತಿತ್ತು. ಪ್ರಯೋಜನವು ತೀರಿದ ಮೇಲೆಯೂ ಉಳಿದ ಕಟ್ಟುಪಾಡು ದ್ವೇಷಕ್ಕೆ ಮನೆಯಾಗುತ್ತದೆ.

ಆದುದರಿಂದ ನಮ್ಮ ನಿರ್ಣಯವು ಹೀಗೆ: ಪಯಣಿಗನನ್ನು ನಿಲ್ಲಿಸುವುದು ಅತಿಥಿಧರ್ಮಕ್ಕೆ ವಿರುದ್ಧವಲ್ಲ, ಆದರೆ ನಿಲ್ಲಿಸಿ ಮರೆಯುವುದು ವಿರುದ್ಧ. ಆ ವರ್ಷ ಉಡುಪಿಯಲ್ಲಿ ಶ್ರೀಕೃಷ್ಣನ ಪೂಜೆಯು ತಿಂಗಳುಗಟ್ಟಲೆ ಭಕ್ತರ ಪ್ರವೇಶವಿಲ್ಲದೆ ನಡೆಯಿತು. ಪಂಢರಪುರಕ್ಕೆ ವಾರಿಯ ಪಾದುಕೆಗಳು ಕಾಲ್ನಡಿಗೆಯ ಬದಲು ಬಸ್ಸಿನಲ್ಲಿ ಹೋದವು. ದೇವಸ್ಥಾನಗಳು ಬಾಗಿಲು ಹಾಕಲು ಕಲಿತವು. ಬಾಗಿಲು ಹಾಕಿದ ದೇವಸ್ಥಾನದ ಛತ್ರ, ಯಾತ್ರಿಕರಿಲ್ಲದ ಕೋಣೆಗಳು, ಒಲೆ ಹೊತ್ತದ ಪಾಕಶಾಲೆ ಇವುಗಳನ್ನು ಅಗಸಿಯಲ್ಲಿ ನಿಂತವರಿಗಾಗಿ ತೆರೆಯುವುದನ್ನೂ ನಾವು ಕಲಿಯಬೇಕು. ಮುಂದೆ ಇಂಥ ಕಾಲ ಬಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪ್ರತಿಯೊಂದು ದೇವಸ್ಥಾನದವರೂ, ತಮ್ಮಲ್ಲಿ ಎಷ್ಟು ಕೋಣೆಗಳಿವೆ, ಎಷ್ಟು ಎಲೆ ಊಟವನ್ನು ದಿನಕ್ಕೆ ಎರಡು ಹೊತ್ತು ಬಾಗಿಲಿಗೆ ಮುಟ್ಟಿಸಬಲ್ಲೆವು ಎಂಬುದನ್ನು ಈಗಲೇ ಕುಳಿತು ಬರೆದಿಡಲಿ. ಊಟವನ್ನು ಪಡೆಯುವವನ ಜಾತಿಯನ್ನು ಆ ಪುಸ್ತಕದಲ್ಲಿ ಬರೆಯಬೇಕಾಗಿಲ್ಲ. ಅವನು ಹೊರಡುವ ತಾರೀಖನ್ನು ಮಾತ್ರ ಮರೆಯದೆ ಬರೆಯಬೇಕು.

ಸರ್ವಜೀವಾಂತರ್ಯಾಮಿಯಾದ ಶ್ರೀಹರಿಯು ಅಗಸಿಯ ಒಳಗಿರುವವರಿಗೂ ಹೊರಗೆ ನಿಂತವರಿಗೂ ಸದ್ಬುದ್ಧಿಯನ್ನೂ ಆರೋಗ್ಯವನ್ನೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.